ನೆಲ್ಲಿಗುಂಟೆಯಲ್ಲಿ ಜರಡಿ

ಕೆರೆಯೊಳಕ್ಕೆ ಈಗ ಟ್ರ್ಯಾಕ್ಟರೇ ಇಳಿಯುತ್ತದೆ
ಜಾಲಿಗಿಡಗಳ ನಡುವೆ.
ನಾವು ಏಳು ಹೆಣ್ಣಾಳು, ಏಳು ಜರಡಿ,
ದಿನಕ್ಕೆ ಐನೂರು, ಮಧ್ಯಾಹ್ನ ಚಿತ್ರಾನ್ನದ ಪೊಟ್ಟಣ.
ಅಗೆಸುವವರನ್ನು ಮೇಷ್ಟ್ರು ಎನ್ನುತ್ತೇವೆ.
ಅವರು ಬ್ರಷ್ಷು ಹಿಡಿದು ನೆಲ ಒರೆಸುತ್ತಾರೆ
ಬಾಣಂತಿ ಕೂಸಿನ ಕಿವಿ ಒರೆಸಿದ ಹಾಗೆ.

ರಾಗಿ ಜಾಲಿಸಿದ ಕೈಗೆ ಇದೇನು ಹೊಸದಲ್ಲ.
ಅಲ್ಲಿ ಕಲ್ಲು ಬಿಸಾಡಿ ಕಾಳು ಇಟ್ಟುಕೊಳ್ಳುತ್ತೇವೆ,
ಇಲ್ಲಿ ಕಲ್ಲೇ ಕಾಳು.
ಉಗುರಿನಷ್ಟು ಚೂಪುಗಲ್ಲೊಂದು ನನ್ನ ಬೆರಳು ಕೊಯ್ದಾಗ
ಮೇಷ್ಟ್ರು ಮೊದಲು ನೋಡಿದ್ದು ಕಲ್ಲನ್ನು.
ಆಮೇಲೆ ನಾಚಿಕೊಂಡು ಅರಿಶಿನ ಕೇಳಿದರು ಯಾರನ್ನೋ.
ನನಗೆ ಸಿಟ್ಟು ಬರಲಿಲ್ಲ.
ಅಷ್ಟು ಕಾಲ ಮಲಗಿದ್ದ ಅಲಗು
ಕೆಲಸ ಮರೆತಿರಲಿಲ್ಲವಲ್ಲ!

ನಮ್ಮಪ್ಪ ಚೌಡಪ್ಪ ಈ ಕೆರೆಯ ನೀರಗಂಟಿ.
ತೂಬಿನ ಬಿರಡೆ ಎತ್ತಲು ಉಸಿರು ಕಟ್ಟಿ ಮುಳುಗುತ್ತಿದ್ದ,
ಮೇಲೆ ಬಂದಾಗ ಕಣ್ಣು ಕೆಂಪು, ಕಿವಿಯಲ್ಲಿ ಪಾಚಿ.
ಯಾರ ಗದ್ದೆಗೆ ಎಷ್ಟು ಗಳಿಗೆ ನೀರು, ಎಲ್ಲ ಬಾಯಲ್ಲೇ ಲೆಕ್ಕ.
ಕಡೆಯ ಸಲ ಕೋಡಿ ಹರಿದಾಗ ನಾನಿನ್ನೂ ಲಂಗದ ಹುಡುಗಿ.
ಆಮೇಲೂ ಸಂಜೆ ಏರಿಯ ಮೇಲೆ ನಡೆದು ಬರುತ್ತಿದ್ದ,
ಕೇಳಿದರೆ, "ತೂಬು ನೋಡಿ ಬಂದೆ."

ಈಗ ಅವನು ಮುಳುಗಿದ್ದಕ್ಕಿಂತ ಆಳದಲ್ಲಿದ್ದೇನೆ,
ಒಣಸೀರೆಯಲ್ಲಿ.
ಮೇಲಿನ ಪದರ ನಮ್ಮದೇ: ಶಾಂಪೂ ಚೀಟಿ, ಚಪ್ಪಲಿಯ ಪಟ್ಟಿ.
ಮೊಣಕಾಲುದ್ದಕ್ಕೆ ಕಪ್ಪು ಜೇಡಿ, ಬರೀ ಚಿಪ್ಪು.
ಎದೆಮಟ್ಟಕ್ಕೆ ಬೂದಿ, ಸುಟ್ಟ ಹುರುಳಿ ನಾಕು ಕಾಳು.
ಏರಿ ಕಟ್ಟುವ ಎಷ್ಟೋ ಮುಂಚೆ
ಇಲ್ಲಿ ನೀರು ತಾನಾಗೇ ನಿಂತಿತ್ತಂತೆ.
ತೂಬಿಲ್ಲ, ಪಾಳಿಯಿಲ್ಲ,
ಜಿಂಕೆ ಒಂದು ದಡದಲ್ಲಿ, ಜನ ಒಂದು ದಡದಲ್ಲಿ.
ಅಪ್ಪ ನಂಬುತ್ತಿರಲಿಲ್ಲ:
ಬಿಡುವವರಿಲ್ಲದೆ ನೀರೇ?

"ಇದು ಒಲೆ" ಎಂದರು ಮೇಷ್ಟ್ರು.
ಒಲೆಯೆಂದು ನಮಗೆ ಹೇಳಬೇಕೇ!
ಮೂರು ಕಲ್ಲು, ಅದರಲ್ಲೊಂದು ಚೂರು ಒಳಕ್ಕೆ ಸರಿದಿದೆ.
ಚಿಕ್ಕ ಮಡಕೆ ಇಡುವಾಗ ನಾವೂ ಹಾಗೇ ಸರಿಸುತ್ತೇವೆ.
ಆ ದಿನ ಆ ಮನೆಯಲ್ಲಿ
ಉಣ್ಣುವವರು ಯಾರೋ ಒಬ್ಬರು ಕಡಿಮೆ.
ಇದನ್ನು ನಾನು ಹೇಳಲಿಲ್ಲ.
ಬರೆದುಕೊಂಡುಬಿಟ್ಟಾರು.

ಒಂಬತ್ತನೇ ದಿನ ಸಿಕ್ಕಿತು ಬಾಯಿ ಒಡೆದ ಗಡಿಗೆ.
ಕಂಠದ ಸುತ್ತ, ಹಸಿಯಿದ್ದಾಗ ಒತ್ತಿದ ಹೆಬ್ಬೆಟ್ಟಿನ ಸಾಲು,
ಒಂದೊಂದರಲ್ಲೂ ಗೆರೆ, ಗೆರೆಯ ನಡುವೆ ಸುಳಿ.
ಹೆಂಗಸಿನದಿರಬೇಕು, ಇಲ್ಲವೇ ಹುಡುಗನದು ಎಂದರು.

ಇಪ್ಪತ್ತೆರಡು ವರ್ಷ ಶಿಡ್ಲಘಟ್ಟದಲ್ಲಿ
ಷಾಬುದ್ದೀನ್ ಸಾಹೇಬರ ಕಾರ್ಖಾನೆಯಲ್ಲಿ
ಕುದಿನೀರಿನ ಗೂಡಿಗೆ ಬೆರಳಿಟ್ಟು ಎಳೆ ಹುಡುಕಿದವಳು ನಾನು.
ಎಳೆಯೆಲ್ಲ ಸೀರೆಯಾಗಿ ಎಲ್ಲೆಲ್ಲೋ ಹೋಯಿತು,
ಬೆರಳ ಗೆರೆಯೂ ಅದರ ಜೊತೆಗೇ.
ರೇಷನ್ ಅಂಗಡಿಯ ಡಬ್ಬಿ ನನ್ನನ್ನು ಒಪ್ಪುವುದಿಲ್ಲ.
ಒರೆಸಿ ಒತ್ತಮ್ಮ, ತಲೆಗೂದಲಿಗೆ ಉಜ್ಜಿ ಒತ್ತಮ್ಮ,
ಆ ಬೆರಳು, ಈ ಬೆರಳು.
ಕೆಂಪು ದೀಪ. ಹಿಂದಿನವರ ಗೊಣಗಾಟ.
ನಾನೇ ನಾನೆನ್ನಲು ಮಗಳು ಬರಬೇಕು ಚಿಂತಾಮಣಿಯಿಂದ.

ಮೇಷ್ಟ್ರು ಅಳತೆಪಟ್ಟಿ ತರಲು ಹೋದಾಗ
ಯಾರೂ ನೋಡದ ಹಾಗೆ
ಆ ಗುಳಿಯಲ್ಲಿ ನನ್ನ ಹೆಬ್ಬೆಟ್ಟು ಇಟ್ಟೆ.
ಕೂರಲಿಲ್ಲ. ನನ್ನದು ದಪ್ಪ,
ಅವಳದು ಸಣ್ಣದು, ಎಡಕ್ಕೆ ವಾಲಿದ್ದು,
ಎಡಚಿಯೋ ಏನೋ, ಬೈಸಿಕೊಂಡಿರುತ್ತಾಳೆ ಪಾಪ.
ಬಿಸಿಲಲ್ಲಿದ್ದರೂ ಆ ಗುಳಿ ತಣ್ಣಗಿತ್ತು.
ಕೈ ತೆಗೆಯಲು ತಡವಾಯಿತು.

ಗಡಿಗೆಗೊಂದು ನಂಬರು ಬರೆದು ಹತ್ತಿಯಲ್ಲಿ ಸುತ್ತಿದರು.
ಕೂಲಿಪುಸ್ತಕದಲ್ಲಿ ನಾನು ಒತ್ತಿದ್ದು
ಗೆರೆಯಿಲ್ಲದ ಒಂದು ನೀಲಿ ಬೊಟ್ಟು.
"ಪರವಾಗಿಲ್ಲ ಬಿಡಿ" ಎಂದರು ಮೇಷ್ಟ್ರು.

ಏರಿ ಹತ್ತಿ ಬರುವಾಗ ಕತ್ತಲಾಗಿತ್ತು.
ಸೀಮೆಹುಲ್ಲಿನ ಹೊರೆ ಹೊತ್ತ ವೆಂಕಟರೋಣಿ ಎದುರಾಗಿ,
ಇಷ್ಟು ಹೊತ್ತಿನಲ್ಲಿ ಎಲ್ಲಿಂದ ಅಂದ.
ಬಾಯಿಗೆ ಬಂದದ್ದು ಅದೇ:
ತೂಬು ನೋಡಿ ಬಂದೆ.